ಕೆರೆಯಲ್ಲಿ ನಿಂತವರು

"ಅಬ್ರಹಾಮ!" ಎಂದು ಉಪದೇಶಿ ಸಮುವೇಲಪ್ಪನವರು ಕೂಗಿದರು. ಉತ್ತರ ಬರಲಿಲ್ಲ.

ತಾಯಲೂರಿನ ಪ್ರಾರ್ಥನಾಲಯದಲ್ಲಿ ಸುಗ್ಗಿಯ ಆರಾಧನೆ ನಡೆದಿತ್ತು. ದೂರದೇಶದ ಯುದ್ಧದಿಂದ ಎಲ್ಲ ತುಟ್ಟಿಯಾಗಿದ್ದರೂ ರಾಗಿ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿಗಳು ಪೀಠದ ಮುಂದೆ ಬಂದಿದ್ದವು. ಕಾಣಿಕೆಯಾದ ಮೇಲೆ ಸಮುವೇಲಪ್ಪನವರು ತಮ್ಮ ಸೇವೆಯ ಸಾಕ್ಷಿ ಹೇಳಲೇಬೇಕು. ಯೌವನದಲ್ಲಿ ಅವರು ಒಂದು ಕೇರಿಗೆ ಕೇರಿಯನ್ನೇ ಒಲಿಸಿ, ಕೆರೆಗಿಳಿಸಿ, ದೀಕ್ಷಾಸ್ನಾನ ಮಾಡಿಸಿದ್ದರು. ಅಂದು ನೀರಿಗಿಳಿದವರ ಹೆಸರನ್ನು ವರ್ಷವರ್ಷವೂ ಅವರು ಕೂಗುವುದು, ಸತ್ತವರ ಪರವಾಗಿಯೂ ಮನೆಯವರು "ಇದ್ದೀವಿ" ಎನ್ನುವುದು ಅಲ್ಲಿಯ ರೂಢಿ. ಆ ಒಂದು ದಿನದ ಸಾರನ್ನೇ ಉಪದೇಶಿಗಳು ಇಷ್ಟು ವರ್ಷ ಕಾಯಿಸಿ ಕಾಯಿಸಿ ಉಂಡಿದ್ದರು. ಆಮೇಲೆ ಇನ್ನೊಂದು ಕೇರಿಯ ಬಾಗಿಲು ತಟ್ಟಿದವರಲ್ಲ.

ಈಚಿನ ವರ್ಷಗಳಲ್ಲಿ ಆ ಸತ್ತವರೂ ಆರಾಧನೆಗೆ ಬರತೊಡಗಿದ್ದರು. ಉಪದೇಶಿಗಳ ಕಣ್ಣಿಗೆ ಮಾತ್ರ ಕಾಣುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಹಿಂದಿನ ಗೋಡೆಗೆ ಒರಗಿ ನಿಲ್ಲುವರು. ಹೆಸರು ಕೂಗಿದ ಕೂಡಲೇ ಬೆಚ್ಚಿ ತಲೆಯೆತ್ತುವರು. ಆದರೂ ಸಮುವೇಲಪ್ಪನವರು ಕೂಗುವುದನ್ನು ಬಿಡಲಾರರು. ಬಿಟ್ಟರೆ ತಮ್ಮದೆನ್ನಲು ಇನ್ನೇನು ಉಳಿದೀತು ಎಂಬ ಭಯ.

"ಅಬ್ರಹಾಮ!"

ಚಿನ್ನದ ಗಣಿಯಲ್ಲಿ ಸತ್ತ ಅಬ್ರಹಾಮನ ಹೆಂಡತಿ ಮುನಿಯಲ್ಲಮ್ಮ ಎದ್ದು ನಿಂತಳು.

"ಇಲ್ಲ ಅಯ್ಯನೋರೆ. ನನ್ ಗಂಡ ಸತ್ತೋದ. ನೀವು ಕೂಗ್ದಾಗೆಲ್ಲಾ ಇನ್ನೂ ಆ ನೀರಾಗೇ ನಿಂತವ್ನೆ ಅನ್ಸ್ತೈತೆ. ದಡ ಹತ್ತಕ್ಕೆ ಬಿಡಿ ಸ್ವಾಮಿ."

"ಸುಮ್ನೆ ಕೂತ್ಕೊಳ್ಳೇ!" ಎಂದು ಯಾರೋ ಗದರಿದರು.

ಅವಳು ಕೂರಲಿಲ್ಲ. "ಆವನಿ ತಾವ ಪ್ಲೇಗು ಬಂದು ಜನ ಹೊಲದಾಗೆ ಗುಡ್ಲು ಹಾಕ್ಕಂಡವ್ರೆ. ನಿಮ್ಗೆ ಕರೆ ಕಳ್ಸಿದ್ರಂತೆ. ಯಾಕೆ ಹೋಗ್ಲಿಲ್ಲ?"

ನನ್ನ ಪಾಲಿನ ಕೆಲಸ ಆಯಿತಲ್ಲ ಎಂದು ಹೇಳಿಕಳಿಸಿದ್ದರು ಸಮುವೇಲಪ್ಪನವರು. ಈಗ ಆ ಮಾತು ನೆನೆದು ನಾಚಿಕೆಯಾಯಿತು. ಗೋಡೆಯತ್ತ ನೋಡಿದರು. ಅಬ್ರಹಾಮ ಅವರನ್ನೇ ನೋಡುತ್ತಿದ್ದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಸಾಕಾಗಿ ಹೋದ ದಣಿವಿತ್ತು.

"ಹೋಗಪ್ಪಾ," ಎಂದರು ಮೆಲ್ಲಗೆ. ಯಾರಿಗೆ ಹೇಳಿದರೆಂದು ಸಭೆಗೆ ತಿಳಿಯಲಿಲ್ಲ. ಉಳಿದ ಹೆಸರುಗಳನ್ನು ಕೂಗದೆ ಅವರು ಪೀಠದ ಬಳಿಯಿಂದ ಕೆಳಗಿಳಿದರು.

ಮಾರನೆಯ ದಿನ ಆವನಿಯ ಹೊಲದಲ್ಲಿ, ಗುಡಿಸಲೊಂದರ ಮುಂದೆ, ಮುದುಕಿಯೊಬ್ಬಳು ಅವರಿಗೆ ಅಡ್ಡ ನಿಂತಳು. ಒಳಗೆ ಯಾರೋ ನರಳುತ್ತಿದ್ದರು.

"ಯಾರಯ್ಯಾ ನೀನು? ಯಾವೂರು?"

ತಾಯಲೂರಿನ ಸಮುವೇಲಪ್ಪ ಎಂದರೆ ಸುತ್ತಲ ಹಳ್ಳಿಗಳಲ್ಲಿ ಮಣೆ ಹಾಕಿ ಕೂರಿಸುತ್ತಿದ್ದರು. ಆ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು.

"ಹೊಸಬ ಕಣಮ್ಮ. ಏನ್ ಮಾಡ್ಬೇಕು ಹೇಳು."

ಮುದುಕಿ ನಂಬದೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಒಳಗಿರೋನು ನನ್ ಮಗ. ಗಾಳಿಗೆ ಆಚೆ ತರ್ಬೇಕು. ಯಾರೂ ಮುಟ್ಟಕ್ಕಿಲ್ಲ."

ಸಮುವೇಲಪ್ಪನವರು ಬಗ್ಗಿ ಒಳಗೆ ಹೋಗಿ ಚಾಪೆಯ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ಅವಳು ಹಿಡಿದಳು.