ಕಣ್ಣು ಹೊಡೆಯುವ ಪರದೆ

"ಏ ತಂಗಿ, ಇದು ನನಗ ಕಣ್ಣ ಹೊಡ್ಯಾಕತ್ತದ!"

ಫೋನಿನಲ್ಲಿ ಕುರ್ಡಿಯ ಮಹಾಂತಮ್ಮನ ದನಿ. ತಹಮೀನಾ ಸೋಲ್ಡರಿಂಗ್ ಐರನ್ ಕೆಳಗಿಟ್ಟಳು.

"ಯಾರು ಯವ್ವಾ? ಪರದೆನಾ?"

"ಮತ್ತ ಹಿಮ್ಮೇಳದ ಸುಂಕಪ್ಪ ಹೊಡಿತಾನೇನು? ಎಪ್ಪತ್ತೆರಡಾತು ನನಗ. ನಾಕು ಮಂದಿ ನೋಡಿದ್ರ ಏನಂದಾರು?"

ಶ್ರಾವಣದ ಮೊದಲ ಸೋಮವಾರ ಹೊಳೆದಂಡೆಯ ಗೂಗಲ್ ಊರಿನ ಅಲ್ಲಮಪ್ರಭು ಗುಡಿಯಲ್ಲಿ ಮೂವತ್ತು ವರ್ಷದಿಂದ ಪದ ಎತ್ತುವವಳು ಮಹಾಂತಮ್ಮ. ಈ ವರ್ಷ ಮಾತುಗಳು ನಡುದಾರಿಯಲ್ಲೇ ಕೈಬಿಡತೊಡಗಿದ್ದವು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಪರದೆಗಳಿಗೆ ಸರ್ಕ್ಯೂಟ್ ಮಾಡುವ ತಹಮೀನಾ ಅವಳಿಗೆಂದೇ ಪದದ ಸಾಲು ತೋರಿಸುವ ಒಂದು ಪರದೆ ಕಟ್ಟಿಕೊಟ್ಟಿದ್ದಳು. ದಪ್ಪ ಅಕ್ಷರ, ದನಿ ಕೇಳಿಸಿಕೊಂಡು ಸಾಲು ತಾನೇ ಮೇಲೆ ಸರಿಯುತ್ತದೆ. ಗುಡಿಯಲ್ಲಿ ಕರೆಂಟಿನ ಭರವಸೆಯಿಲ್ಲವೆಂದು ಬ್ಯಾಟರಿ ಹಾಕಿದ್ದಳು. ಬ್ಯಾಟರಿ ಉಳಿಯಲೆಂದು, ಅಕ್ಷರ ಸರಿಯುವಾಗ ಪರದೆ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬರೆಯುತ್ತಿತ್ತು, ನಿಂತಾಗ ಹತ್ತೇ ಸಲ.

"ಸೋಮವಾರದ ಮಟ ಸರಿಯಾಗಲಿಲ್ಲಂದ್ರ ನಾ ಹಿಂದಿನ ಸಾಲಿನಾಗ ಕುಂದರ್ತೀನಿ," ಎಂದಳು ಮಹಾಂತಮ್ಮ, ಈ ಸಲ ನಗದೆ. "ಪದ ತಪ್ಪಿ ಹಾಡೋದಕ್ಕಿಂತ ಕೇಳೋದು ಚಲೋ."

ಅಂಗಡಿಯಲ್ಲಿ ಪರದೆ ಒಮ್ಮೆಯೂ ಮಿಣುಕಿರಲಿಲ್ಲ. ತಹಮೀನಾ ಓಡುವ ಕುದುರೆಗಳ ವಿಡಿಯೋ ಹಾಕಿ ಪರೀಕ್ಷೆ ಮಾಡಿದ್ದಳು. ಶನಿವಾರ ಮಾನ್ವಿ ಬಸ್ಸು ಹಿಡಿದು ಕುರ್ಡಿಗೆ ಹೋದಳು.

ಪಡಸಾಲೆಯಲ್ಲಿ ಮಹಾಂತಮ್ಮ ಹಾಡಿದಳು, ಹಿಮ್ಮೇಳಕ್ಕೆ ಸುಂಕಪ್ಪ ಕೂತ. ಅವಳು ಹಾಡುವಷ್ಟು ಹೊತ್ತು ಪರದೆ ಸುಮ್ಮನಿತ್ತು. ಉಸಿರಿಗೆ ನಿಂತಳು, ಸಾಲೂ ನಿಂತಿತು, ಕೂಡಲೇ ಪಿಳಿಪಿಳಿ!

"ನೋಡು, ಹೊಡೀತು!"

ತಹಮೀನಾ ಹಣೆ ಬಡಿದುಕೊಂಡಳು. ಕುದುರೆಗಳು ಒಂದು ಕ್ಷಣವೂ ನಿಂತಿರಲಿಲ್ಲವಲ್ಲ.

"ಇದರಾಗಿನ ಒಂದೊಂದು ಚುಕ್ಕಿನೂ ಸೋರೋ ಕೊಡ ಇದ್ದಂಗ ಕಾಕಾ," ಎಂದು ಸುಂಕಪ್ಪನಿಗೆ ಬಿಡಿಸಿ ಹೇಳಿದಳು. "ಲಗು ಲಗು ತುಂಬಿಸಿದ್ರ ಗೊತ್ತಾಗಂಗಿಲ್ಲ. ತಡಾ ಆದ್ರ ಬೆಳಕು ಇಳಿತದ, ತುಂಬಿದ ಕೂಡ್ಲೆ ಏರ್ತದ. ಅದs ಮಿಣುಕು."

"ಹಂಗಾರ ಸೋರಲಾರದ ಕೊಡ ತಾ."

"ಅಂಥವು ನಮ್ಮ ಕಡೆ ಸಿಗಂಗಿಲ್ಲ ಕಾಕಾ."

ಮಹಾಂತಮ್ಮ ಮತ್ತೆ ಎತ್ತಿಕೊಂಡಳು. 'ಬಯಲು' ಎಂಬ ಮಾತಿಗೆ ಬಂದು ಉಸಿರಿಗೆ ನಿಂತಳು. ಸುಂಕಪ್ಪ ಅದೇ ಮಾತನ್ನು ಹಿಡಿದು "ಬಯಲೂ..." ಎಂದು ಎಳೆದ. ಅವಳು ಮುಂದಿನ ಸಾಲು ಎತ್ತಿದ್ದೇ ತಡ, ಅವನ ದನಿ ಸರಿದು ದಾರಿ ಬಿಟ್ಟಿತು. ಎಲ್ಲಿ ಒಬ್ಬರು ಬಿಟ್ಟರು, ಎಲ್ಲಿ ಇನ್ನೊಬ್ಬರು ಹಿಡಿದರು ಎಂಬ ಗುರುತೂ ಇಲ್ಲ.

ತಹಮೀನಾ ನೆಟ್ಟಗೆ ಕೂತಳು. "ಕಾಕಾ, ಅಂದದ್ದs ಮತ್ತ ಯಾಕ ಅಂತೀರಿ?"

"ಅಕ್ಕ ಉಸಿರು ತಗೊಳ್ಳೋ ಮಟ ಪದ ನೆಲಕ್ಕ ಬೀಳಬಾರದಲ್ಲಬೇ?"

"ಆಕಿ ಲಗು ಎತ್ತಿದ್ರ?"

"ನಾ ಬಾಯಿ ಮುಚ್ತೀನಿ."

"ಮುಚ್ಚಲಿಲ್ಲಂದ್ರ ನಾ ಮುಚ್ಚಿಸ್ತೀನಿ," ಎಂದಳು ಮಹಾಂತಮ್ಮ.

ತಹಮೀನಾ ಪರದೆಯನ್ನು ಎತ್ತಿಕೊಂಡು ಸಂಜೆಯ ಬಸ್ಸಿಗೆ ಓಡಿದಳು.

ಭಾನುವಾರವಿಡೀ ಅದೇ ಕೆಲಸ. ಕಡೆಯ ಚಿತ್ರವನ್ನು ನೆನಪಿಟ್ಟುಕೊಳ್ಳುವ ಒಂದು ಚಿಪ್, ಪಕ್ಕದಲ್ಲಿ ಹೊತ್ತು ಎಣಿಸುವ ಇನ್ನೊಂದು. ಹೊಸ ಚಿತ್ರ ತಡವಾದರೆ ಹಳೆಯದನ್ನೇ ಮತ್ತೆ ತುಂಬಬೇಕು. ಹೊಸದು ಬಂದರೆ ಬಾಯಿ ಮುಚ್ಚಬೇಕು. ಮೊದಲ ಸಲ ಅದು ಬಾಯಿ ಮುಚ್ಚಲಿಲ್ಲ, ಹಳೆಯ ಸಾಲಿನ ಮೇಲೆ ಹೊಸ ಸಾಲು ಹತ್ತಿ ಕೂತಿತು. ಎರಡು ತಂತಿ ಕಿತ್ತು ಬೇರೆ ಕಡೆ ಬೆಸೆದಳು. ಬ್ಯಾಟರಿ ತುಸು ಹೆಚ್ಚು ತಿಂದಿತು, ತಿನ್ನಲಿ. ಚಿಪ್‌ಗಳ ಪಕ್ಕ ಪೆನ್ನಿನಿಂದ 'ಸುಂಕಪ್ಪ' ಎಂದು ಬರೆದು ಮುಚ್ಚಳ ಬಿಗಿದಳು.

ಸೋಮವಾರ ಬೆಳಿಗ್ಗೆ ಗೂಗಲ್‌ನಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಮಹಾಂತಮ್ಮ ಪರದೆಯನ್ನು ಎದುರಿಗಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಳು. ಪದ ಏರಿತು, ಇಳಿಯಿತು, 'ಬಯಲು' ಬಂತು. ಅವಳು ಉಸಿರಿಗೆ ನಿಂತಳು.

ನಿಂತೇ ಇದ್ದಳು. ಸುಂಕಪ್ಪ ಹಿಡಿದ, ಎಳೆದ, ಇನ್ನೂ ಎಳೆದ. ಅವನ ಮುಖ ಕೆಂಪಾಯಿತು. ಮುದುಕಿ ಮರೆತಳೆಂದು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ತಹಮೀನಾ ಪರದೆಯತ್ತ ನೋಡಿದಳು. ಪದದ ಮುಂದಿನ ಸಾಲು, ಗರ್ಭಗುಡಿಯ ದೀಪದ ಹಾಗೆ, ಒಂದಿಷ್ಟೂ ಅಲುಗದೆ ಬೆಳಗುತ್ತಿತ್ತು.

ಮಹಾಂತಮ್ಮ ಆ ಸಾಲನ್ನು ಕಣ್ತುಂಬ ನೋಡಿದಳು. ಆಮೇಲೆ ತಹಮೀನಾಳ ಕಡೆ ತಿರುಗಿ, ನಾಲ್ಕು ಮಂದಿಯ ಎದುರಿಗೇ, ತಾನೇ ಒಂದು ಕಣ್ಣು ಹೊಡೆದು ಮುಂದಿನ ಸಾಲು ಎತ್ತಿಕೊಂಡಳು.