ಸ್ಕ್ಯಾನರಿನ ಹಣೆ

"ಮುಚ್ಚಳ ಎತ್ಬೇಡಿ ಮೇಡಂ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ" ಎಂದು ಎಂಜಿನಿಯರ್ ಕಲ್ಲೇಶ್ ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಪ್ರಮೀಳಾ ಸ್ಕ್ಯಾನರಿನ ಮುಚ್ಚಳ ಎತ್ತಿಬಿಟ್ಟಿದ್ದಳು. ಒಳಗಿನ ಗಾಜಿನ ಮೇಲೆ, ಈ ಅಂಚಿನಿಂದ ಆ ಅಂಚಿನವರೆಗೆ, ಮೂರು ಬೆರಳಿನಲ್ಲಿ ಎಳೆದ ಮೂರು ಗೆರೆ. ಉಗುರಿನಿಂದ ಕೆರೆದರೆ ಬರಲಿಲ್ಲ. ದುಪಟ್ಟಾದ ತುದಿಯನ್ನು ಬಾಟಲಿಯ ನೀರಿನಲ್ಲಿ ಅದ್ದಿ ಉಜ್ಜಿದಳು. ಬಂತು. ಮೂಸಿದಳು. ವಿಭೂತಿ.

"ಡ್ರೈವರ್ ತೆಗೆದು ಮತ್ತೆ ಹಾಕಿದ್ದೀನಿ. ಈಗೊಂದು ಸ್ಕ್ಯಾನ್ ಕೊಡಿ" ಎಂದ ಕಲ್ಲೇಶ್. ಅವನು ದಾವಣಗೆರೆಯಲ್ಲಿ ಕೂತು ಅವಳ ಕಂಪ್ಯೂಟರಿನೊಳಗೆ ಬಾಣದ ಗುರುತನ್ನು ಓಡಾಡಿಸುತ್ತಿದ್ದ.

ಪ್ರಮೀಳಾ ಒಂದು ಹಾಳೆ ಸ್ಕ್ಯಾನ್ ಮಾಡಿದಳು. ತೊಳೆದಿಟ್ಟಷ್ಟು ಸ್ವಚ್ಛವಾಗಿ ಬಂತು.

"ಗೆರೆ ಹೋದ್ವು."

"ನಾನು ಹೇಳ್ಲಿಲ್ವಾ, ಸಾಫ್ಟ್‌ವೇರಿಂದೇ ಪ್ರಾಬ್ಲಮ್ಮು" ಎಂದು ಕಲ್ಲೇಶ್ ಫೋನಿಟ್ಟ.

ನಾಲ್ತಾಲ್ಲೂಕು ಬೆಳೆಗಾರರ ಸಂಘದ ನ್ಯಾಮತಿಯ ಮುಖ್ಯ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಯಂತ್ರದ ಒಳಗು ಆಪರೇಟರದು, ಹೊರಗು ಅಟೆಂಡರದು. ಕೀಬೋರ್ಡು ಒತ್ತುವುದು ಪ್ರಮೀಳಾ. ಕಾಗದ ಇಡುವುದು, ಮುಚ್ಚಳ ಎತ್ತುವುದು, ಧೂಳು ಹೊಡೆಯುವುದು ಉಚ್ಚಂಗೆಪ್ಪ. ಸ್ಕ್ಯಾನರ್ ಇದ್ದದ್ದು ಕಾರ್ಯದರ್ಶಿಗಳ ಕೋಣೆಯಲ್ಲಿ, ಅವಳ ಮೇಜು ಗೋಡೆಯ ಈಚೆ. ಆರು ವರ್ಷದಲ್ಲಿ ಅವಳು ಆ ಮುಚ್ಚಳ ಮುಟ್ಟಿರಲಿಲ್ಲ. ಇವತ್ತು ಉಚ್ಚಂಗೆಪ್ಪ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಗೋವಿನಕೋವಿಗೆ ಹೋಗಿದ್ದರಿಂದ ಮುಟ್ಟುವ ಪ್ರಸಂಗ ಬಂತು, ಅಷ್ಟೆ. ಎಂಟು ತಿಂಗಳ ಹಿಂದಿನ ಆಯುಧ ಪೂಜೆಯಲ್ಲಿ ಉಚ್ಚಂಗೆಪ್ಪ ಎಲ್ಲ ಯಂತ್ರಗಳ ಹಣೆಗೂ ವಿಭೂತಿ ಹಚ್ಚಿದ್ದ. ಪ್ರಿಂಟರಿಗೆ ನೆತ್ತಿಯ ಮೇಲೆ, ಯುಪಿಎಸ್‌ಗೆ ಸ್ವಿಚ್ಚಿನ ಮೇಲೆ. ಸ್ಕ್ಯಾನರಿನ ಮುಖ ಯಾವುದು ಎಂದು ಯೋಚಿಸಿ, ಅದು ನೋಡುವುದು ಗಾಜಿನಿಂದಲ್ಲವೇ ಎಂದು, ಮುಚ್ಚಳ ಎತ್ತಿ ಅಲ್ಲಿ ಹಚ್ಚಿದ್ದ. ಪೂಜೆಗೆ ಒಡೆದ ಕಾಯಿಯ ನೀರಿನಲ್ಲೇ ಕಲೆಸಿದ್ದರಿಂದ ಅದು ಅಂಟಿನಂತೆ ಕೂತಿತ್ತು.

ಅಂದಿನಿಂದ ಸಂಘ ಕೊಟ್ಟ ಪ್ರತಿಯೊಂದು ದೃಢೀಕರಣ ಪತ್ರದ ಮೇಲೂ ಬೂದುಬಣ್ಣದ ಮೂರು ಪಟ್ಟೆ ಬರುತ್ತಿದ್ದವು. ಸದಸ್ಯರ ಅರ್ಜಿಯನ್ನು ಸ್ಕ್ಯಾನ್ ಮಾಡಿ, ಪ್ರತಿ ತೆಗೆದು, ಮೊಹರು ಹೊಡೆದು ಕೊಟ್ಟರೆ ಅದೇ ಪತ್ರ. ಅದನ್ನು ತೋರಿಸಿದರೆ ಚನ್ನಗಿರಿ, ಹೊನ್ನಾಳಿ, ಜಗಳೂರಿನ ಗೋದಾಮುಗಳಲ್ಲಿ ಬೀಜ, ಪಂಪು, ಪೈಪು ಸಿಗುತ್ತಿತ್ತು. ಪಟ್ಟೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ವಾರ್ಷಿಕ ವರದಿಗೆಂದು ಅಧ್ಯಕ್ಷರ ಫೋಟೋ ಸ್ಕ್ಯಾನ್ ಆಗುವವರೆಗೆ. ಒಂದು ಗೆರೆ ಅವರ ಮೀಸೆಯ ಮೇಲೆಯೇ ಹಾದುಹೋಗಿ, ಹುಟ್ಟಿದಂದಿನಿಂದ ಕಪ್ಪಾಗಿದ್ದ ಮೀಸೆ ನರೆತುಹೋಗಿತ್ತು.

ಆಗಲೇ ಕಾರ್ಯದರ್ಶಿ ಪಂಚಾಕ್ಷರಪ್ಪ ಪ್ರಮೀಳಾಳನ್ನು ಕರೆದು, "ಇದೊಂದು ಸರಿ ಮಾಡಿಸ್ಕೊಡಮ್ಮ. ಹದಿನೈದನೇ ತಾರೀಕಿನ ಮೀಟಿಂಗಿನಾಗೆ ನಿನ್ನ ಕಾಯಂ ವಿಷಯ ನಾನೇ ಇಡ್ತೀನಿ" ಎಂದದ್ದು.

ಕಾಯಂ ಎಂಬ ಮಾತಿಗೆ ಪ್ರಮೀಳಾಳ ಮೈಯೆಲ್ಲ ಕಿವಿಯಾಗುತ್ತಿತ್ತು. ಹನ್ನೊಂದು ತಿಂಗಳಿಗೊಮ್ಮೆ ಅವಳನ್ನು ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ಒಂದು ದಿನ ಅವಳು ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತು, ನಾಳೆ ಕರೆಯದಿದ್ದರೆ ಎಂದು ಯೋಚಿಸುವಳು. ಹೀಗೆ ಆರು ಸಲ ಎಣ್ಣೆ ಹಚ್ಚಿಕೊಂಡಾಗಿತ್ತು.

ಗೆರೆ ಹೋದ ಸುದ್ದಿ ಕೇಳಿ ಪಂಚಾಕ್ಷರಪ್ಪ ಕಲ್ಲೇಶನಿಗೆ ಫೋನ್ ಮಾಡಿ ಅಭಿನಂದಿಸಿದರು. ಪ್ರಮೀಳಾ ವಿಭೂತಿಯ ವಿಷಯ ಹೇಳಿದಳು. "ಇರ್ಲಿ, ಇರ್ಲಿ. ನಿಂದೂ ಸಹಕಾರ ಐತಲ್ಲ" ಎಂದರು. ಮರುದಿನ ಬಂದ ಉಚ್ಚಂಗೆಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡ.

"ಹಚ್ಚಿದ್ದನ್ನ ಒರೆಸ್ತಾರೇನು ಪ್ರಮೀಳಕ್ಕ? ಹಚ್ಚಿದ್ಮ್ಯಾಲೆ ಒಂದಿನಾನೂ ಕೆಟ್ಟು ನಿಂತಿರ್ಲಿಲ್ಲ ಅದು."

"ಕೆಟ್ಟಿದ್ದೇ ಅದರಿಂದ ಉಚ್ಚಂಗೆಪ್ಪಣ್ಣ."

"ನಿಂತಿತ್ತಾ? ನಿಂತಿರ್ಲಿಲ್ಲಲ್ಲ" ಎಂದ ಅವನು.

ನಾಲ್ಕನೆಯ ದಿನ ಸವಳಂಗದ ಮುದುಕ ರೈತ ಗಾದ್ರಪ್ಪ ಬಂದ. ಔಷಧಿ ಹೊಡೆಯುವ ಪಂಪು ಜಗಳೂರಿನ ಗೋದಾಮಿನಲ್ಲಿ ಮಾತ್ರ ಉಳಿದಿದೆಯೆಂದು ಸ್ವಚ್ಛವಾದ ಹೊಸ ಪತ್ರ ಹಿಡಿದುಕೊಂಡು ಮೂರು ಬಸ್ಸು ಬದಲಿಸಿ ಹೋದವನು, ಅದೇ ಪತ್ರ ಹಿಡಿದು ಮೂರು ಬಸ್ಸು ಬದಲಿಸಿ ವಾಪಸು ಬಂದಿದ್ದ.

"ಇದು ಡೂಪ್ಲಿಕೇಟ್ ಅಂತೆ ಕಣವ್ವ. ಅಸ್ಲಿ ಪತ್ರದಾಗೆ ಮೂರು ಗೆರೆ ಇರ್ತಾವಂತೆ. ನಂದ್ರಾಗೆ ಎಲ್ಲೈತೆ ಅಂತ ಕೇಳಿದ."

"ಯಾರಜ್ಜ ಕೇಳಿದ್ದು?"

"ಕನ್ನಡಕದ ಹುಡುಗ. ಎಲ್ರೆದುರಿಗೂ ಪತ್ರಾನ ಬಿಸಿಲಿಗೆ ಹಿಡಿದು ನೋಡಿದ. ಕಳ್ಳನೋಟು ನೋಡ್ದಂಗೆ."

ಪ್ರಮೀಳಾ ಜಗಳೂರಿಗೆ ಫೋನ್ ಮಾಡಿದಳು. ಅಲ್ಲಿನ ಗುಮಾಸ್ತ ತಿಪ್ಪೇರುದ್ರ ಚುರುಕಿನವನು. ಈ ಬೇಸಿಗೆಯ ಶುರುವಿನಲ್ಲಿ ಯಾರೋ ನಕಲಿ ಪತ್ರ ತಂದಾಗ, ಅದರಲ್ಲಿ ಗೆರೆ ಇಲ್ಲದ್ದನ್ನು ನೋಡಿ ಹಿಡಿದವನು ಅವನೇ. ಅಂದಿನಿಂದ ಕೌಂಟರಿನ ಮೇಲೆ 'ಮೂರು ಗೆರೆ ಇಲ್ಲದ ಪತ್ರ ಸ್ವೀಕರಿಸುವುದಿಲ್ಲ' ಎಂದು ಬರೆದು ಅಂಟಿಸಿದ್ದ. ಅದನ್ನು ನೋಡಿ ಚನ್ನಗಿರಿಯವರು ಅಂಟಿಸಿದರು. ಚನ್ನಗಿರಿಯವರನ್ನು ನೋಡಿ ಹೊನ್ನಾಳಿಯವರು ಲ್ಯಾಮಿನೇಷನ್ ಮಾಡಿಸಿ ಅಂಟಿಸಿದರು.

"ಅದು ಗಾಜಿನ ಮೇಲಿದ್ದ ವಿಭೂತಿ ರೀ. ನಾನೇ ಒರೆಸೀನಿ" ಎಂದಳು ಪ್ರಮೀಳಾ.

"ಹಂಗಂತ ಹೇಳಾಕೆ ನಿಮಗೆ ಮೇಲಿಂದ ಸೂಚನೆ ಐತೇನ್ರಿ? ಸೆಕ್ಯೂರಿಟಿ ವಿಷಯ, ನಂಗೆ ಅರ್ಥ ಆಗ್ತೈತೆ."

"ಸೆಕ್ಯೂರಿಟಿನೂ ಇಲ್ಲ, ಎಂಥದ್ದೂ ಇಲ್ಲ. ಪೂಜೆ ಮಾಡಿದ್ದು."

"ಆಯ್ತ್ರಿ ಮೇಡಂ, ಪೂಜೆನೇ ಅನ್ಕಳ್ರಿ. ಸಾಹೇಬ್ರ ಸೈನ್ ಹಾಕಿಸಿ ಬರೆದು ಕಳಿಸ್ರಿ. ಪಂಪು ಕೊಡ್ತೀನಿ."

ಬರೆದುಕೊಡಲು ಪಂಚಾಕ್ಷರಪ್ಪ ಒಪ್ಪಲಿಲ್ಲ. ಬೆರಳು ಮಡಚಿ ವಿವರಿಸಿದರು. "ಎಂಟು ತಿಂಗಳಾಗೆ ಮೂರು ಸಾವಿರ ಪತ್ರ ಹೋಗ್ಯಾವೆ. ಅದು ಕಲೆ ಅಂತ ಬರೆದ್ರೆ ಮೂರು ಸಾವಿರನೂ ಕಲೆ. ಗುರುತು ಅಂದ್ರೆ ಮೂರು ಸಾವಿರನೂ ಗುರುತು. ಯಾವುದು ಚಲೋ, ನೀನೇ ಹೇಳಮ್ಮ."

ಗುರುತೇ ಚಲೋ ಎಂದು ಅವರೇ ತೀರ್ಮಾನಿಸಿ ಕಲ್ಲೇಶನಿಗೆ ಫೋನ್ ಮಾಡಿದರು. ಹೋದ ಗೆರೆ ವಾಪಸು ತರಲು ಹೊಸ ಸಾಫ್ಟ್‌ವೇರ್ ಬೇಕು, ಮೂರು ವಾರ ಹಿಡಿಯುತ್ತದೆ ಎಂದ ಅವನು. ಕೊನೆಗೆ ಉಚ್ಚಂಗೆಪ್ಪನನ್ನು ಕರೆದರು. ಅವನು ಕೈಕಾಲು ತೊಳೆದುಕೊಂಡು ಬಂದು, ಪ್ರಮೀಳಾಳತ್ತ ಒಂದು ನೋಟ ಬೀರಿ, ಹೊಸದಾಗಿ ಮೂರು ಗೆರೆ ಎಳೆದ. ಈ ಸಲ ಶ್ರದ್ಧೆ ಹೆಚ್ಚಾಗಿ ಗೆರೆಗಳು ದಪ್ಪವಾದವು. ಆ ಪತ್ರ ಹಿಡಿದು ಗಾದ್ರಪ್ಪ ಮತ್ತೆ ಹೋದ, ಮತ್ತೆ ಬಂದ. ತಿಪ್ಪೇರುದ್ರ ಹಳೆಯ ಪತ್ರ ಪಕ್ಕಕ್ಕಿಟ್ಟು ಸ್ಕೇಲಿನಲ್ಲಿ ಅಳೆದಿದ್ದನಂತೆ. ಅಸಲಿಯಲ್ಲಿ ನಡುವಿನ ಗೆರೆ ಬಲತುದಿಯಲ್ಲಿ ಒಂದು ಜೋಳದ ಕಾಳಿನಷ್ಟು ತುಂಡಾಗಿರುತ್ತದೆ, ಇದರಲ್ಲಿ ಆಗಿಲ್ಲ.

ಗಾದ್ರಪ್ಪ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟು ಹಿಮ್ಮಡಿ ಒತ್ತಿಕೊಳ್ಳುತ್ತಿದ್ದ. "ನಾನೇ ಡೂಪ್ಲಿಕೇಟ್ ಇರ್ಬೋದು ಬಿಡವ್ವ. ಅಳೆದು ನೋಡಂಗಿದ್ರೆ ನೋಡ್ಕಳ್ರಿ" ಎಂದ.

ಪ್ರಮೀಳಾ ಎದ್ದಳು. ಹಳೆಯ ಪತ್ರವೊಂದರ ಮೇಲೆ ಲ್ಯಾಮಿನೇಷನ್ ಹಾಳೆ ಇಟ್ಟು, ಗೆರೆಗಳ ಗುಂಟ ಬ್ಲೇಡಿನಿಂದ ಸೀಳಿದಳು. ತುಂಡಾದ ಜಾಗದಲ್ಲಿ ಕಾಳಿನಷ್ಟು ಬಿಟ್ಟಳು. ಗಾಜಿನ ಮೇಲೆ ಎಡ ಬಲವಾಗುತ್ತದೆಂದು ಹೊಳೆದು ಹಾಳೆಯನ್ನು ಮಗುಚಿ ಇಟ್ಟಳು. ಉಚ್ಚಂಗೆಪ್ಪನ ಗೆರೆ ಒರೆಸಿದ ಗಾಜಿನ ಮೇಲೆ, ಸೀಳಿನೊಳಗೆ ವಿಭೂತಿಯನ್ನು ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಹಾಳೆ ಎತ್ತಿದಳು. ಸ್ಕ್ಯಾನ್ ಮಾಡಿದಾಗ ಎಂಟು ತಿಂಗಳ ಹಳೆಯ ಕಲೆ ಹೊಚ್ಚ ಹೊಸದಾಗಿ ಮೂಡಿತು. ಗಾದ್ರಪ್ಪನ ಮೂರನೆಯ ಪ್ರಯಾಣದ ಸಂಜೆ ಜಗಳೂರಿನಿಂದ ಫೋನ್ ಬಂತು.

"ಮೇಡಂ, ಈಗ ಬಂತು ನೋಡ್ರಿ ಅಸಲಿ. ನಂಗೆ ಮೋಸ ಮಾಡಾಕೆ ಆಗಲ್ಲ" ಎಂದ ತಿಪ್ಪೇರುದ್ರ. ಪಂಪು ಕೊಟ್ಟಿದ್ದ.

ಹದಿನೈದನೇ ತಾರೀಕು ಮೀಟಿಂಗು ನಡೆಯಿತು. ಮುಗಿದ ಮೇಲೆ ಪಂಚಾಕ್ಷರಪ್ಪ ಕೈಯಲ್ಲಿ ಟಿಪ್ಪಣಿ ಹಿಡಿದು ಪ್ರಮೀಳಾಳ ಮೇಜಿನ ಹತ್ತಿರವೇ ಬಂದರು. ಆರು ವರ್ಷದಲ್ಲಿ ಅವರು ಗೋಡೆಯ ಈಚೆ ಬಂದದ್ದು ಅದೇ ಮೊದಲು.

"ಆತಮ್ಮ, ಕಾಯಂ ಆತು. ಎಲ್ಲರೂ ಒಪ್ಪಿದ್ರು. ಆರ್ಡರ್ ಟೈಪ್ ಮಾಡ್ಕ, ಹೇಳ್ತೀನಿ."

ತನ್ನ ಆದೇಶವನ್ನು ತಾನೇ ಟೈಪ್ ಮಾಡುವುದು ಅವಳಿಗೇನೂ ವಿಚಿತ್ರ ಅನಿಸಲಿಲ್ಲ; ಆರು ಸಲ ತನ್ನನ್ನು ತೆಗೆದ ಆದೇಶವನ್ನೂ ಅವಳೇ ಟೈಪ್ ಮಾಡಿದ್ದಳು. ತನ್ನ ಹೆಸರನ್ನು ಮಾತ್ರ ಒಂದೊಂದೇ ಅಕ್ಷರ ನೋಡಿ ಹೊಡೆದಳು. ಪಂಚಾಕ್ಷರಪ್ಪ ಓದುತ್ತಾ ಹೋದರು.

"'ಸದರಿಯವರನ್ನು ಭದ್ರತಾ ಗುರುತು ನಿರ್ವಾಹಕಿ ಹುದ್ದೆಗೆ ಕಾಯಂಗೊಳಿಸಲಾಗಿದೆ.' ಹಾಕಿದ್ಯಾ? 'ಸದರಿ ಮೂರು ಗೆರೆಗಳು ಸಂಘದ ಆರಂಭದಿಂದಲೂ ಅಧಿಕೃತ ಗುರುತಾಗಿದ್ದವೆಂದು ನಿರ್ವಾಹಕಿಯು ಲಿಖಿತವಾಗಿ ದೃಢೀಕರಿಸತಕ್ಕದ್ದು. ನಿವೃತ್ತಿಯವರೆಗೆ ಪ್ರತಿದಿನ ಬೆಳಿಗ್ಗೆ ಅವುಗಳನ್ನು ಗಾಜಿನ ಮೇಲೆ ಮೂಡಿಸತಕ್ಕದ್ದು. ಗಾಜನ್ನು ಯಾವ ಕಾರಣಕ್ಕೂ ಸ್ವಚ್ಛಗೊಳಿಸತಕ್ಕದ್ದಲ್ಲ.'"

ಪ್ರಮೀಳಾ ಅಷ್ಟನ್ನೂ ಹೊಡೆದಳು. ಅವಳಿಗೆ ಇಪ್ಪತ್ತೊಂಬತ್ತು ವರ್ಷ. ನಿವೃತ್ತಿಗೆ ಮೂವತ್ತೊಂದು. ಮೂವತ್ತೊಂದು ವರ್ಷದ ಬೆಳಗುಗಳಲ್ಲಿ ಕಾಳಿನಷ್ಟು ಜಾಗ ಬಿಟ್ಟು ಗೆರೆ ಎಳೆಯುತ್ತಿರುವ ತನ್ನ ಕೈ ಕಂಡಿತು. ಆ ಕೈಗೆ ಪಿಂಚಣಿ ಇತ್ತು, ಹಬ್ಬದ ಮುಂಗಡ ಇತ್ತು, ಎಣ್ಣೆ ಹಚ್ಚಿಕೊಂಡು ಕೂರಬೇಕಾದ ಒಂದು ದಿನವೂ ಇರಲಿಲ್ಲ.

"ಪ್ರಿಂಟ್ ಕೊಡಮ್ಮ, ಸೈನ್ ಹಾಕ್ತೀನಿ. ಸಿಹಿ ತರಾಕೆ ಕಳಿಸೀನಿ" ಎಂದರು ಪಂಚಾಕ್ಷರಪ್ಪ. ಪೆನ್ನಿನ ಮುಚ್ಚಳ ತೆಗೆದಾಗಿತ್ತು.

ಅವಳು ಪ್ರಿಂಟ್ ಕೊಡಲಿಲ್ಲ. ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಯಾಕಮ್ಮ, ಪ್ರಿಂಟರ್ ಕೆಟ್ಟೈತಾ?"

"ಇಲ್ಲ ಸಾರ್, ಚೆನ್ನಾಗೈತೆ. ಈ ಕೆಲಸ ನಂಗೆ ಬ್ಯಾಡ."