ಸೊಸೆಯ ಬರವಣಿಗೆ, ಅತ್ತೆಯ ಹರಕೆ

ಹರಕೆ ಹೊತ್ತವರು ತಮ್ಮದನ್ನು ಕೊಡುವುದು ವಾಡಿಕೆ. ಮುಡಿ ಕೊಡುತ್ತಾರೆ, ಇಷ್ಟದ ಹಣ್ಣು ಬಿಡುತ್ತಾರೆ. ಕ್ಯಾಲನೂರಿನ ಆದಿಲಕ್ಷ್ಮಮ್ಮ ಮಾತ್ರ ಸೊಸೆಯ ಬರವಣಿಗೆಯನ್ನು ಬಿಟ್ಟು ಬಂದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಸೊಸೆ ಪದ್ಮಶ್ರೀಗೆ ಲೂಪಸ್ ಕಾಯಿಲೆ. ಜ್ವರ, ಕೀಲುನೋವು, ಎದ್ದು ನಿಲ್ಲಲಾಗದ ಸುಸ್ತು. ಬರುತ್ತದೆ, ಅಡಗುತ್ತದೆ, ಮತ್ತೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಕೋಲಾರದ ಡಾಕ್ಟರು ಬಿಡಿಸಿ ಹೇಳಿದ್ದರು. ಯಾರ ಕಿವಿಗೆ ಹೋಯಿತು? ಆ ಮನೆಯವರು ಕಂಡುಹಿಡಿದ ಕಾರಣವೇ ಬೇರೆ. ಡೈರಿಗೆ ಹಾಲಿನ ಕ್ಯಾನು ಹೊತ್ತರೆ ಕೀಲು ನೋಯುವುದಿಲ್ಲವಂತೆ, ಬಿಸಿಲಲ್ಲಿ ರಾಗಿ ಹೊಲದ ಕಳೆ ಕಿತ್ತರೆ ಸುಸ್ತಾಗುವುದಿಲ್ಲವಂತೆ. ಮಗಳನ್ನು ಸ್ಕೂಲಿಗೆ ಕಳಿಸಿ ಒಂದು ಗಳಿಗೆ ಪೆನ್ನು ಹಿಡಿದರೆ ಮಾತ್ರ ಜ್ವರ ಬರುತ್ತದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜಾಣರು!

ಈ ಸಲ ಪದ್ಮಶ್ರೀ ಆಸ್ಪತ್ರೆ ಸೇರಿದಾಗ ಅತ್ತೆ ಕುರುಡುಮಲೆ ಗಣೇಶನ ಮುಂದೆ ನಿಂತು, "ಜ್ವರ ಇಳಿಸಪ್ಪಾ, ನಮ್ಮ ಹುಡುಗಿ ಇನ್ನು ಬರೆಯೋದೇ ಬಿಡ್ತಾಳೆ" ಎಂದು ಬೇಡಿಕೊಂಡರು. ಇಂಜೆಕ್ಷನ್ನು, ಮಾತ್ರೆಗಳು ತಮ್ಮ ಕೆಲಸ ಮಾಡಿದವು. ಹೆಸರು ಹರಕೆಗೆ ಬಂತು.

ಮನೆಗೆ ಬಂದವಳು ಹುಡುಕಿದ್ದು ತನ್ನ ಕಾದಂಬರಿಯನ್ನು. ಕೊನೆಯ ಅಧ್ಯಾಯವೊಂದೇ ಬಾಕಿಯಿತ್ತು.

"ಅತ್ತೆ, ನನ್ನ ಹಾಳೆಗಳೆಲ್ಲಿ?"

"ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದೀನಿ. ದೇವ್ರಿಗೆ ಮಾತು ಕೊಟ್ಟಾಗಿದೆಯಮ್ಮ, ಇನ್ನು ಮುಟ್ಟಬೇಡ."

"ಮಾತು ಕೊಟ್ಟೋರು ನೀವು. ನೀವು ಎಲೆಅಡಿಕೆ ಬಿಡಿ."

"ಅಯ್ಯೋ ದೇವುಡಾ! ಎಲೆಅಡಿಕೆ ಇಲ್ದಿದ್ರೆ ನಂಗೆ ತಲೆನೋವು ಬರಲ್ವಾ?"

"ಹೋಗ್ಲಿ, ನಿಮಗೆ ಬೇರೆ ದೇವ್ರು ಸಿಗಲಿಲ್ವಾ? ದಂತ ಮುರ್ಕೊಂಡು ಬರ್ದೋನ ಹತ್ರಾನೇ ಹೋಗಿ, ಸೊಸೆ ಬರೆಯೋದು ಬಿಡ್ತಾಳೆ ಅಂದ್ರಲ್ಲ. ಪಾಪ, ನಗಬೇಕೋ ಅಳಬೇಕೋ ಅವನಿಗೂ ಗೊತ್ತಾಗಿರಲ್ಲ."

ಗಂಡ ಮುರಳಿಮೋಹನ್ ಆಗಷ್ಟೇ ನರಸಾಪುರದ ಕಂಪನಿ ಬಸ್ಸಿಳಿದು ಬಂದಿದ್ದ. ದಿನಾ ಬೆಳಗ್ಗೆ ಹೆಂಡತಿಯ ಮೊಬೈಲಿಗೆ 'ಕನಸನ್ನು ಎಂದೂ ಬಿಡಬೇಡಿ' ಎಂಬ ವೀಡಿಯೊ ಕಳಿಸುವ ಮಹಾನುಭಾವ ಇವನೇ. ಅಮ್ಮ ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿ, "ಅಮ್ಮನ ಸಮಾಧಾನಕ್ಕಾದ್ರೂ ನಿಲ್ಸು ಕಣೇ. ಹುಷಾರಾದ್ಮೇಲೆ ಬರಿಯುವಂತೆ" ಎಂದ.

ಹುಷಾರಾಗದ ಕಾಯಿಲೆಯವಳಿಗೆ ಇಂಥ ಬುದ್ಧಿಮಾತು! ಪದ್ಮಶ್ರೀ ಕುರ್ಚಿ ಎಳೆದು, ನೋಯುವ ಮಂಡಿಯಲ್ಲೇ ಹತ್ತಿ ಗಂಟು ಇಳಿಸಿದಳು.

ಆಗ ಒಂದನೇ ಕ್ಲಾಸಿನ ಮಗಳು ಚೈತನ್ಯ ಓಡಿ ಬಂದು ಅವಳ ಕಾಲು ತಬ್ಬಿಕೊಂಡಳು. "ಬೇಡಮ್ಮ, ಬರೀಬೇಡ! ಬರೆದ್ರೆ ನೀನು ಸತ್ತೋಗ್ತೀಯಂತೆ. ಅಜ್ಜಿ ಹೇಳಿದ್ರು."

ಮಗುವಿನ ಮೈ ನಡುಗುತ್ತಿತ್ತು. ಅತ್ತೆಯನ್ನು, ಗಂಡನನ್ನು ಕಾಲಕಸ ಮಾಡಬಹುದು, ಈ ನಡುಕವನ್ನು ಹೇಗೆ ಮಾಡುವುದು? ಕಾದಂಬರಿಗಾಗಿ ಯಾರು ಕಾದು ಕುಳಿತಿದ್ದಾರೆ? ಗಂಟು ಮತ್ತೆ ಅಟ್ಟ ಸೇರಲಿ, ಮಗು ನೆಮ್ಮದಿಯಾಗಿ ನಿದ್ದೆ ಮಾಡಲಿ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳಿಗೆ ನಿಜಕ್ಕೂ ಬಿಟ್ಟುಬಿಡೋಣ ಅನ್ನಿಸಿತು.

ಆದರೆ ಜ್ವರ ಮತ್ತೆ ಬಂದೇ ಬರುತ್ತದೆ. ಬರೆಯದಿದ್ದರೂ ಬಂದ ಜ್ವರಕ್ಕೆ ಈ ಮಗು ಆಗ ಯಾವುದನ್ನು ದೂರುತ್ತದೆ? ತಾನೇ ಹಠ ಮಾಡಿದ್ದನ್ನೋ? ಊಟ ಬಿಟ್ಟಿದ್ದನ್ನೋ? ಪದ್ಮಶ್ರೀ ಗಂಟು ಬಿಚ್ಚಿ ಪೆನ್ನು ಕೈಗೆತ್ತಿಕೊಂಡಳು.

"ಬಾ, ಪಕ್ಕದಲ್ಲಿ ಕೂತ್ಕೋ. ಈ ಕೈ ಗಟ್ಟಿಯಾಗಿ ಹಿಡ್ಕೋ. ಇನ್ನೊಂದು ಕೈಯಲ್ಲಿ ಒಂದು ಪುಟ ಬರೀತೀನಿ. ಸಾಯ್ತೀನೋ ಇಲ್ವೋ, ನೀನೇ ನೋಡು."

"ಬಿಡ್ತು ಅನ್ನೇ!" ಎಂದು ಬಾಗಿಲಲ್ಲಿ ನಿಂತ ಅತ್ತೆ ಕಿರುಚಿದರು.

ಪದ್ಮಶ್ರೀ ಬರೆದಳು. ಬೆರಳು ಮಡಚಲು ಬಾರದೆ ಅಕ್ಷರ ಸೊಟ್ಟಗಾದವು, ವಾಕ್ಯಗಳೂ ಅಷ್ಟಕ್ಕಷ್ಟೆ. ಚೈತನ್ಯ ಹಾಳೆಯನ್ನು ನೋಡಲೇ ಇಲ್ಲ. ರೆಪ್ಪೆ ಮಿಟುಕಿಸದೆ ಅಮ್ಮನ ಮುಖವನ್ನೇ ಕಾಯುತ್ತಿದ್ದಳು.

ಪುಟ ಮುಗಿಯಿತು.

ಮಗು ಅಮ್ಮನ ಹಣೆ ಮುಟ್ಟಿತು, ಕೆನ್ನೆ ಮುಟ್ಟಿತು, ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿತು. ಆಮೇಲೆ ಬಾಗಿಲ ಕಡೆ ತಿರುಗಿ, ಥೇಟ್ ಅಮ್ಮನ ಹಾಗೆಯೇ ತುಟಿ ಕೊಂಕಿಸಿತು.

"ಅಜ್ಜೀ, ಸುಳ್ಳು ಹೇಳ್ದೆ ನೀನು."